ಅಣ್ಣ ಕೊಟ್ಟ ಡಿಸ್ಕು

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸರದಿಗೆ ಕಾದಿದ್ದ ಟೀಚರಮ್ಮನಿಗೆ ಪಕ್ಕದ ಅಣ್ಣತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಣ್ಣನ ಕಂಪ್ಯೂಟರಿನಲ್ಲಿದ್ದದ್ದು ಏನೂ ವಾಪಸ್ ಬರುವುದಿಲ್ಲವೆಂದು ರಿಪೇರಿಯವನು ಆಗಷ್ಟೇ ಕೈಚೆಲ್ಲಿದ್ದ.

“ಹೋಗ್ಲಿ ಬಿಡೋ. ಅಮ್ಮ ಕೊನೇ ಸಲ ಆಸ್ಪತ್ರೇಲಿ ಮಾತಾಡಿದ ವಿಡಿಯೋ ನಿನ್ನ ಹತ್ರಾನೂ ಇದೆಯಲ್ಲ. ಡಿಸ್ಕಲ್ಲಿ ಹಾಕಿ ಕೊಟ್ಟಿದ್ದೆ.”

“ಅಣ್ಣ, ನಿನ್ನ ಕಂಪ್ಯೂಟರಲ್ಲಿ ಮಾಡಿದ ಡಿಸ್ಕು ನನ್ನದರಲ್ಲಿ ತೆರೀಲೇ ಇಲ್ಲ. ನಂದು ಬೇರೆ ಕಂಪನಿದಲ್ವಾ.”

“ನಿಂದು ಡಬ್ಬಾ ಅಂತ ಹತ್ತು ವರ್ಷದಿಂದ ಬಡ್ಕೋತಿದೀನಿ. ಆಮೇಲೆ?”

“‘ಓದಕ್ಕಾಗ್ತಿಲ್ಲ, ಎಲ್ಲ ಅಳಿಸಿ ಹೊಸದು ಮಾಡ್ಲಾ’ ಅಂತ ಕೇಳ್ತು.”

“ಬೇಡ ಅಂದೆ ತಾನೆ?”

“ಅಣ್ಣನ ಡಬ್ಬಾ ಖಾಲಿ ಡಿಸ್ಕು ಕೊಟ್ಟಿದೆ ಅಂತ ನಕ್ಕು, ಹೂಂ ಒತ್ತಿಬಿಟ್ಟೆ.”

ಅಣ್ಣ ಮೇಜಿನ ಮೇಲಿದ್ದ ತನ್ನ ಕಂಪ್ಯೂಟರನ್ನು ಹತ್ತಿರಕ್ಕೆಳೆದುಕೊಂಡ.

“ಹೊಸ ಕಂಪ್ಯೂಟರ್ ಯಾವ ಕಂಪನಿದು ಕೊಡ್ಲಿ ಸರ್?” ರಿಪೇರಿಯವನು ಕೇಳಿದ.

“ಅಣ್ಣನ ಕಂಪನಿದೇ ಕೊಡಿ,” ಎಂದ ತಮ್ಮ. “ಅದೇ ಒಳ್ಳೇದು.”

“ಯಾವುದಾದ್ರೇನೋ, ಅದ್ರಲ್ಲಿ ಅಮ್ಮ ಇರ್ತಾಳಾ?” ಎಂದ ಅಣ್ಣ, ಕೆಟ್ಟ ಕಂಪ್ಯೂಟರನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದ.