ಬಾವಿಗೆ ಎಸೆದ ರೋಟರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಕಾರು ಮೆಕ್ಯಾನಿಕ್ಕು, ದೆವ್ವ ಅಂದರೆ ಹೊಟ್ಟೆ ಹಿಡಿದು ನಗುತ್ತಿದ್ದ ಆಸಾಮಿ.

ಆ ರಾತ್ರಿ ಅವನ ಭಾವನ, ಅಂದರೆ ತೀರಿಹೋದ ಅಕ್ಕನ ಗಂಡನ, ಹಳೇ ಕಾರು ರಿಪೇರಿ ಮಾಡಿ, ಅಲ್ಲೇ ಪಕ್ಕದ ಬಾವಿ ದಾಟಿ ಮನೆಗೆ ಹೊರಟಿದ್ದ. ತಲೆ ಕೆಂಡವಾಗಿತ್ತು. ಯಾಕೆ ಗೊತ್ತೇ…

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ಹೆಬ್ಬೆರಳಷ್ಟು ತುಂಡು, ರೋಟರ್. ಅದಿಲ್ಲದೆ ಕಿಡಿ ಇಲ್ಲ, ಕಾರು ಮಿಸುಕುವುದಿಲ್ಲ. ಭಾವ ರಾತ್ರಿಯಾದರೆ ಅದನ್ನು ಕಿತ್ತು ಜೇಬಿಗಿಳಿಸುತ್ತಿದ್ದ. ಕಳ್ಳರ ಭಯ ಅನ್ನುತ್ತಿದ್ದ. ಅಕ್ಕ ಸತ್ತ ರಾತ್ರಿ ಕಾರು ಕೆಟ್ಟಿತ್ತು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ ಅಂತಲೇ ಎಲ್ಲರಿಗೂ ಹೇಳಿದ್ದ.

"ಹಳೇ ರೋಟರ್ ಎಲ್ಲಿ ಭಾವ?" ಅಂತ ಇವನು ಕೇಳಿದ.

"ಬಾವೀಲಿ. ಯಾರಿಗೂ ಗೊತ್ತಾಗ್ಬಾರ್ದು ಅಂತ ಎಸ್ದುಬಿಟ್ಟೆ. ಅವತ್ತು ಇಸ್ಪೀಟಾಡೋಕೆ ಹೋಗಿದ್ದೆ, ನನ್ ಜೇಬಲ್ಲೇ ಇತ್ತು. ನಿಮ್ಮಕ್ಕ ಉಸಿರು ಕಟ್ಕೊಂಡು, ಬ್ಯಾಟರಿ ಸಾಯೋವರ್ಗೂ ಚಾವಿ ತಿರುಗಿಸಿದಾಳೆ, ಪೆದ್ದಿ!" ಭಾವ ನಕ್ಕ. "ಅದೆಲ್ಲ ಯಾಕೀಗ? ಕಾರು ಮಾರ್ಬೇಕು. ಒಳ್ಳೇದೊಂದು ಹಾಕು."

ಸ್ಪ್ಯಾನರಿನಿಂದ ತಲೆ ಒಡೆಯಬೇಕು ಅನ್ನಿಸಿತಂತೆ. ಒಡೆಯಲಿಲ್ಲ. ತಂದಿದ್ದ ಮೂರು ರೋಟರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಇನ್ನೊಂದು ಸಡಿಲ, ಅದನ್ನು ಜೇಬಿಗೆ ಹಾಕಿಕೊಂಡ. ಮೂರನೆಯದು ಗಟ್ಟಿಯಾಗಿ ಕೂತಿತು. ಕರೆ ಹಿಡಿದ ಪಾಯಿಂಟು ಉಜ್ಜಿ, ಡಿಸ್ಟ್ರಿಬ್ಯೂಟರಿನ ಕ್ಯಾಪು ಒರೆಸಿ ಮುಚ್ಚಿ, ಎರಡೂ ಕ್ಲಿಪ್ಪು ಹಾಕಿದ. ಕಾರು ಒಂದೇ ಸಲಕ್ಕೆ ಎದ್ದಿತು. ಸ್ಪ್ಯಾನರು ಎತ್ತಿಕೊಂಡು ಹೊರಟುಬಂದ.

ಈಗ ಬಾವಿಯ ಹತ್ತಿರ… ಬೆನ್ನ ಹಿಂದೆ ಸದ್ದು.

ಟಕ್… ಟಕ್.

ಡಿಸ್ಟ್ರಿಬ್ಯೂಟರ್ ಕ್ಯಾಪಿನ ಎರಡು ಕ್ಲಿಪ್ಪು ಬಿಚ್ಚಿದ ಸದ್ದು. ಅವನಿಗೆ ಗೊತ್ತಿಲ್ಲವೇ! ಆಮೇಲೆ, ಸ್ಟಾರ್ಟಾಗದ ಕಾರಿನ ಗರ್ ಗರ್ ಗರ್…

ಓಡಿ ವಾಪಸ್ಸು ಹೋದ. ಸ್ಟೇರಿಂಗ್ ಮುಂದೆ ಭಾವ, ಎದೆ ಹಿಡಿದುಕೊಂಡು.

"ಆಸ್ಪತ್ರೆ… ಸ್ಟಾರ್ಟೇ ಆಗ್ತಿಲ್ಲ ಕಣೋ…"

"ರೋಟರ್ ತೆಗೆದ್ರಾ?"

"ಮುಟ್ಟಿಲ್ಲ… ಆಣೆ…"

ಬಾನೆಟ್ಟು ಎತ್ತಿದ. ಕ್ಯಾಪು ನೇತಾಡುತ್ತಿತ್ತು. ರೋಟರ್ ಇಲ್ಲ.

ಎಷ್ಟಾದರೂ ಮನುಷ್ಯ. ಸಡಿಲದ್ದಕ್ಕೆ ಕಾಗದ ಸುತ್ತಿ ಕೂರಿಸಿದರೆ ಆಸ್ಪತ್ರೆ ತನಕ ಓಡುತ್ತದೆ ಅಂತ ಜೇಬಿಗೆ ಕೈ ಹಾಕಿದ.

ಜೇಬಿನಲ್ಲಿ ಆಗಲೇ ಒಂದು ಕೈ ಇತ್ತು… ತಣ್ಣಗೆ. ರೋಟರನ್ನು ಬಿಗಿಯಾಗಿ ಹಿಡಿದಿತ್ತು.

ಕಿವಿಯ ಹತ್ತಿರ ಅಕ್ಕನ ಪಿಸುಮಾತು.

"ಬೇಡ ತಮ್ಮ… ಇನ್ನೊಂದ್ಸಲ ತಿರುಗಿಸ್ಲಿ."

ಗರ್ ಗರ್… ಗರ್… ಗ…

ಬ್ಯಾಟರಿ ಸತ್ತಿತು. ಭಾವನೂ.

ಸುಳ್ಳು ಅನ್ನುವವರಿಗೆ ಒಂದೇ ಮಾತು. ಬೆಳಿಗ್ಗೆ ಹೆಣ ಇಳಿಸಿದವರಲ್ಲಿ ನಾನೂ ಒಬ್ಬ. ಭಾವನ ಅಂಗಿಯ ಜೇಬಿನಲ್ಲಿ ಹಳೇ ರೋಟರ್ ಸಿಕ್ಕಿತು, ಅದೇ ಬಾವಿಗೆ ಎಸೆದದ್ದು. ಅಂಗಿ ಒಣಗಿಯೇ ಇತ್ತು. ರೋಟರಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.