ನಾಲ್ಕು ಗಂಟೆಯ ನೆರಳು

...ಆ ತಿರುಪನ್ನ ಇನ್ನೊಂದು ಸುತ್ತು ತಿರುಗ್ಸು ನವೀನ! ನೆರಳಿನ ಬಟ್ಟೆ ಇನ್ನೂ ಜೋಲು ಬಿದ್ದೈತೆ ನೋಡು... ಹಾಂ, ಗೊತ್ತಪ್ಪಾ, ಒಂದೇ ಮೂಲೆ ಎಳೆದ್ರೆ ಸೊಟ್ಟಗಾಗುತ್ತೆ, ನಾಲ್ಕೂ ಮೂಲೆ ಸುತ್ತಿ ಸ್ವಲ್ಪ ಸ್ವಲ್ಪಾನೇ ಬಿಗೀಬೇಕು. ಬೆಳಿಗ್ಗೆಯಿಂದ ನಿನ್ನ ಏಣಿ ಹಿಡ್ಕೊಂಡು ನಿಂತಿದೀನಿ, ಈ ಅಂಜಿನಮ್ಮ ಅಷ್ಟೂ ಕಲೀಲಿಲ್ವಾ? ಇನ್ನೊಂದು ವಾರ ಬಿಟ್ರೆ ಹೊಸಕೋಟೇಲಿ ನಿನ್ನ ಅಂಗಡಿ ಎದುರಿಗೇ ನಾನೊಂದು ಅಂಗಡಿ ತೆಗೀತೀನಿ!

ಯಾಕ್ ನಗ್ತೀಯ? ನಗಬೇಡ, ಏಣಿ ಅಲ್ಲಾಡುತ್ತೆ. ಬಿದ್ರೆ ನಿಮ್ಮಮ್ಮನಿಗೆ ನಾನೇನ್ ಹೇಳ್ಲಿ?

ಏನಂದೆ? ಗೇಟ್ ಹತ್ರದ ಮೂಲೇನ ಇಳಿಸ್ಲಾ? ಬ್ಯಾಡ! ಬ್ಯಾಡ್ವೇ ಬ್ಯಾಡ! ಒಂದ್ ಮೂಲೆ ಮೇಲೆ, ಒಂದ್ ಮೂಲೆ ಕೆಳಗೆ ಇದ್ರೆ ಮಳೆ ನೀರು ಹರಿದ್ಹೋಗುತ್ತೆ ಅಂತ ನೀನೇ ಹೇಳಿದ್ದಲ್ವಾ? ಶಾಮಿಯಾನದ ಥರ ಸಪಾಟಾಗಿ ಕಟ್ಟಿದ್ರೆ ಹೊಟ್ಟೆ ಬಿಟ್ಕೊಂಡು ನೀರು ತುಂಬ್ಕೊಳ್ಳುತ್ತೆ. ನನ್ನ ಮಗ ಕೆಂಪರಾಜನ ಮದುವೇಲಿ ಹಂಗೇ ಆಗಿ, ಊಟಕ್ಕೆ ಕೂತಿದ್ದ ಬೀಗರ ತಲೆ ಮೇಲೆ ಬಿಂದಿಗೆಗಟ್ಲೆ ಸುರೀತು. ಸೊಸೆ ಇವತ್ತಿಗೂ ಅದನ್ನ ನನ್ನ ತಲೆಗೇ ಕಟ್ತಾಳೆ. ಮಳೆ ನಾನು ಸುರಿಸಿದ್ನಾ?

ಕಾರು... ಹೂಂ, ಕಾರಿಗೇ ಕಣಪ್ಪ ಇದು. ಮಗ ಮಾಡಿಸ್ತಿರೋದೇ ಕಾರಿಗೆ. ಕಾರು ನಿಲ್ಲೋದು ಅಗೋ, ಮೆಟ್ಲ ಹತ್ರ... ಸರಿ, ಹೋದ ವಾರ ಕಂಬ ಗೇಟ್ ಪಕ್ಕ ನೆಡಿಸಿದ್ದು ನಾನೇ. ನೀನು ಮನೆ ಕಡೆ ತಳ್ಳೋಣ ಅಂದೆ, ನಾನು ಬೇಡ ಅಂದೆ. ಈಗ ಕಾಂಕ್ರೀಟೂ ಗಟ್ಟಿಯಾಗೈತೆ, ನಾನೂ ಗಟ್ಟಿಯಾಗಿದೀನಿ. ಸಂಜೆ ಮಗ ಬಂದು ಬೈದ್ರೆ ಬೈಸ್ಕೋತೀನಿ, ಆದ್ರೆ ಬಿಚ್ಚೋಕೆ ಬಿಡಲ್ಲ.

ಯಾಕೆ, ಯಾಕೆ, ಯಾಕೆ! ಮೆಣಸಿನಕಾಯಿ ಒಣಗ್ಸೋಕೆ, ಆಯ್ತಾ?... ಅಯ್ಯೋ ಹೌದಲ್ಲ, ಅದಕ್ಕೆ ಬಿಸಿಲೇ ಬೇಕು. ಹಂಗಾದ್ರೆ ಹಸೂಗೆ!... ಹಸು ಇಲ್ಲಾಂದ್ರೆ ತರ್ತೀವಪ್ಪ! ನಿಂಗ್ಯಾಕೆ ಲಾಯರ್ ಥರ ಪಾಟೀಸವಾಲು?

ಟೈಮೆಷ್ಟು? ನಾಲ್ಕಾಯ್ತಾ! ಬಿಗಿ, ಬೇಗ ಬೇಗ. ತಟ್ಟಿ ನೋಡು... ಹಾ! ತಮಟೆ ಥರ ಅಂತೈತೆ. ಇಳಿ ಇಳಿ.

ನೆರಳು ಅಂಗಳದಲ್ಲೇ ಇಲ್ಲ ಅಂತೀಯಾ?... ಇಲ್ಲ. ಬಿಸಿಲು ಪಡುವಲಿಗೆ ವಾಲಿದ್ರೆ ನೆರಳು ಮೂಡಲಿಗೆ ಜಾರುತ್ತೆ. ಗೇಟ್ ದಾಟಿ, ಆಚೆ ಆ ಕಲ್ಲುಬೆಂಚಿನ ಮೇಲೆ... ಬೀಳ್ಲಿ ಬಿಡು.

ಯಾಕೆ ಬೆಂಚನ್ನೂ ನನ್ನನ್ನೂ ನೋಡ್ತೀಯ?

ನವೀನ?... ಹಂಗ್ ನೋಡಬೇಡ ಕಣೋ. ಬೇಕಾದ್ರೆ ನಗು, ಇಷ್ಟೊತ್ತೂ ನಗ್ತಿದ್ಯಲ್ಲ...

ನರಸಿಂಹಯ್ಯನೋರು ಅಂತ. ದಿನಾ ಡೇರಿಗೆ ಹಾಲು ಹಾಕೋಕೆ ಹೋಗ್ತಾರೆ. ಡೇರಿ ತೆಗೆಯೋದು ಐದಕ್ಕೆ, ಅವರು ನಾಲ್ಕಕ್ಕೇ ಬಂದು, ಬಿಸಿಲಿಗೆ ತಲೆ ಮೇಲೆ ಟವಲ್ ಹಾಕ್ಕೊಂಡು ಆ ಬೆಂಚಲ್ಲಿ ಕೂರ್ತಾರೆ. ನಾನು ಗೇಟಿನ ಈಚೆ ಸೊಪ್ಪು ಬಿಡಿಸ್ಕೊಂಡು ಕೂರ್ತೀನಿ. ಡೇರಿ ಸೆಕ್ರೆಟರಿಯಿಂದ ಹಿಡಿದು ನಮ್ಮ ಸೊಸೆ ತನಕ ಎಲ್ಲರನ್ನೂ ಆಡ್ಕೊಂಡು ನಗ್ತೀವಿ. ಅಷ್ಟೇ ಕಣಪ್ಪ... ಅಷ್ಟೇನಾ? ಗೊತ್ತಿಲ್ಲ. ಅವರು ಬರದ ದಿನ ನಂಗೆ ಮುದ್ದೆ ಇಳಿಯಲ್ಲ. ಒಳಗೆ ಕರೆಯೋಂಗಿಲ್ಲ. ಗಂಡ ಸತ್ತೋಳ ಗೇಟಿನ ಆಚೆ ಕೂತ್ರೆ ಹಾಲಿನೋರು, ಈಚೆ ಕೂತ್ರೆ ಊರೋರ ಬಾಯಿಗೆ ಎಲೆಅಡಿಕೆ. ಹೋದ ಬೇಸಿಗೇಲಿ ಬಿಸಿಲಿಗೆ ತಲೆ ಸುತ್ತಿ ಅಲ್ಲೇ ಬಿದ್ರು. ನೀರು ಕೊಡೋಕೂ ನಾನು ಆಕಡೆ ಈಕಡೆ ನೋಡಿ ಹೋದೆ. ನನ್ನ ಮೇಲೇ ನಂಗೆ ಅಸಹ್ಯ ಆಗೋಯ್ತು ಕಣೋ.

ಅಯ್ಯೋ, ಬಂದ್ರು! ನೋಡಬೇಡ, ನೋಡಬೇಡ! ಸ್ಪ್ಯಾನರ್ ಎತ್ಕೋ, ಕೆಲಸ ಇರೋನ ಥರ ಮಾಡು. ನಾನೂ ಆಕಡೆ ತಿರುಗಲ್ಲ...

ಕೂತ್ರಾ?

...ನವೀನ, ಸ್ವಲ್ಪ ನೋಡಿ ಹೇಳಪ್ಪಾ. ತಲೆ ಮೇಲಿನ ಟವಲ್ ತೆಗೆದ್ರಾ?