ಮೊದಲ ಸೂಜಿಯ ಮರ್ಯಾದೆ

ಈ ಸಭೆಯ ಅಧ್ಯಕ್ಷರಾದ ಯಜಮಾನ್ ವೆಂಕಟರಾಯಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ರೇಷ್ಮೆ ನೂಲಿನ ಕೆಲಸ ಬಿಟ್ಟು ಬಂದು ಕುಳಿತಿರುವ ವಿಜಯಪುರದ ತಾಯಂದಿರೇ, ಸಭಿಕರೇ,

ಕಾಮಾಲೆಯ ಬಗ್ಗೆ ನಾನು ಮಾಡಿದ ಸಂಶೋಧನೆಗಾಗಿ ಈ ಶಾಲು, ಈ ಹಾರ. ಸನ್ಮಾನಪತ್ರದಲ್ಲಿ ನನ್ನನ್ನು ಧನ್ವಂತರಿ ಎಂದು ಬರೆದಿದ್ದೀರಿ. ಧನ್ವಂತರಿ ಇದನ್ನು ಓದಿದ್ದರೆ ಕೋರ್ಟಿಗೆ ಹೋಗುತ್ತಿದ್ದ. ನಗಬೇಡಿ, ಕಾರಣ ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ನಲವತ್ತರಲ್ಲಿ, ನಾನು ಇಲ್ಲಿ ಡಾಕ್ಟರಾಗಿದ್ದೆ. ಪ್ಲೇಗು ಬರುತ್ತದೆಂದು ಊರಿಗೆಲ್ಲ ಸೂಜಿ ಹಾಕಬೇಕಾಗಿತ್ತು. ಸೂಜಿ ಎಂದರೆ ಜನ ಹಿತ್ತಲ ಬಾಗಿಲಲ್ಲಿ ಓಡುವ ಕಾಲ. ತಾಂಬೂಲವಾಗಲಿ, ತೀರ್ಥವಾಗಲಿ, ನಮ್ಮಲ್ಲಿ ಮೊದಲು ಯಜಮಾನರಿಗೆ. ಹಾಗೆಯೇ ಮೊದಲ ಸೂಜಿಯೂ ಅವರಿಗೇ ಆಯಿತು. ಅವರು ಧೈರ್ಯವಾಗಿ ತೋಳು ಚಾಚಿದ್ದನ್ನು ಕಂಡು ಹಿಂದೆ ನಲವತ್ತು ಜನ ನಿಂತರು.

ವೆಂಕಟರಾಯಪ್ಪನವರು ಅದರ ಹಿಂದಿನ ತಿಂಗಳಷ್ಟೇ ಕಾಮಾಲೆಯಿಂದ ಎದ್ದಿದ್ದರು. ಕಣ್ಣಿನಲ್ಲಿ ಇನ್ನೂ ಹಳದಿಯಿತ್ತು. ನಾನು ನೋಡಿದೆ. ನೋಡಿ, ಸೂಜಿಯನ್ನು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಅದೇ ಸಿರಿಂಜಿನಿಂದ ಮುಂದಿನವರಿಗೆ ಹಾಕಿದೆ. ಅವರ ಮುಂದಿನವರಿಗೂ ಹಾಕಿದೆ. ನೂಲು ಬಿಚ್ಚಲು ರೇಷ್ಮೆಗೂಡು ಬೇಯಿಸುತ್ತ ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಲ್ಲೂ ನೀರು ಕುದಿಯುವ ಊರು ಇದು. ಈ ಊರಿನಲ್ಲಿ, ಬೆಳಿಗ್ಗೆ ಒಮ್ಮೆ ಕುದಿಸಿದ್ದು ಬಿಟ್ಟರೆ, ನನಗೆ ಆ ಒಂದು ಸಿರಿಂಜನ್ನು ಮತ್ತೆ ಕುದಿಸಲು ಬಿಡುವಿರಲಿಲ್ಲ.

ಮೂರು ತಿಂಗಳಿಗೆ ಕಾಮಾಲೆ ಕಾಣಿಸಿಕೊಂಡಿತು. ಹತ್ತೊಂಬತ್ತು ಜನಕ್ಕೆ. ನಾನು ಬಾವಿಯ ನೀರನ್ನು ದೂರಿದೆ, ಬಾವಿ ಮುಚ್ಚಿಸಿದೆ. ಆಗ ದವಾಖಾನೆಗೆ ಮಾರಕ್ಕ ಬಂದರು. ಗೂಡು ಬೇಯಿಸುವ ಕೂಲಿ ಅವರದು. ಕಾಮಾಲೆಗೆ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಕಾಯಿಲೆಯವರೆಲ್ಲ ಅವರ ಬಾಗಿಲಿಗೇ ಹೋಗುತ್ತಿದ್ದುದರಿಂದ ಲೆಕ್ಕ ಅವರಿಗೆ ಗೊತ್ತಿತ್ತು.

"ಯಜಮಾನ್ರ ಹಿಂದೆ ನಿಂತಿದ್ದೋರಿಗೇ ಬಂದೈತೆ ಸ್ವಾಮಿ. ಮಾರನೇ ದಿನ ಚುಚ್ಚಿಸ್ಕೊಂಡೋರಿಗೆ ಒಬ್ಬರಿಗೂ ಇಲ್ಲ. ನಮ್ಮ ಮುನಿಗಂಗಮ್ಮ ಅವತ್ತೇ ನಿಂತಿದ್ಲು."

ಸೊಪ್ಪು ಅರೆಯುವವಳು ನನಗೆ ವೈದ್ಯ ಕಲಿಸುವುದೇ? ಬೈದು ಕಳಿಸಿದೆ. ಇನ್ನು ಒಳಗೆ ಬಿಡಬೇಡವೆಂದು ಕಾಂಪೌಂಡರ್ ಪಿಳ್ಳಣ್ಣನಿಗೆ ಹೇಳಿದೆ. ಹದಿನೈದು ದಿನಕ್ಕೆ ಅವರ ಮಗಳು ಮುನಿಗಂಗಮ್ಮ ತೀರಿಕೊಂಡಳು. ಮೊಲೆ ಕುಡಿಯುವ ಹೆಣ್ಣುಮಗುವಿತ್ತು.

ಅಷ್ಟರಲ್ಲಿ ನನಗೆ ಬೆಂಗಳೂರಿಗೆ ವರ್ಗವಾಯಿತು. ನಾಲ್ಕು ವರ್ಷದ ಮೇಲೆ, ಯುದ್ಧದ ಸಿಪಾಯಿಗಳಿಗೂ ಸೂಜಿಯ ನಂತರ ಹೀಗೇ ಕಾಮಾಲೆ ಬಂದಿತೆಂದು ಓದಿದೆ. ಹಳೆಯ ರಿಜಿಸ್ಟರು ತರಿಸಿ ಹೆಸರು ಹೆಸರಾಗಿ ನೋಡಿದೆ. ಮಾರಕ್ಕನ ಲೆಕ್ಕದಲ್ಲಿ ಒಂದು ಹೆಸರೂ ತಪ್ಪಿರಲಿಲ್ಲ. ಸೂಜಿಯಲ್ಲಿ ಉಳಿದ ರಕ್ತದ ಲವಲೇಶದಿಂದ ಯಕೃತ್ತಿನ ಬೇನೆಯಾದ ಕಾಮಾಲೆ ಹರಡುತ್ತದೆಂದು ಲೇಖನ ಬರೆದೆ. ಇಂಗ್ಲಿಷಿನಲ್ಲಿ ಅಚ್ಚಾಯಿತು, ಹೆಸರು ಬಂತು. ಅದರಲ್ಲಿ 'ವಿಚಾರಿಸಲಾಗಿ ತಿಳಿದುಬಂದಿತು' ಎಂದು ಒಂದು ಸಾಲಿದೆ. ಆ ಸಾಲಿನಲ್ಲಿ ಮಾರಕ್ಕನ ಹೆಸರಿರಬೇಕಾಗಿತ್ತು. ಎಲ್ಲೆಲ್ಲಿಗೋ ಆ ಲೇಖನ ಕಳಿಸಿದೆ. ಈ ಊರಿಗೆ ಒಂದು ಕಾಗದ ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹಾಕಲಿ?

ಅಧ್ಯಕ್ಷರೇ, ತಲೆ ತಗ್ಗಿಸಬೇಡಿ. ತಪ್ಪು ನಿಮ್ಮ ರಕ್ತದ್ದಲ್ಲ, ನನ್ನ ಕೈಯದು.

ಈ ದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ, ನನ್ನ ಗೌರವಾರ್ಥವೆಂದು ಹೊರಗೆ ಪಿಳ್ಳಣ್ಣ ಪ್ಲೇಗಿನ ಸೂಜಿ ಹಾಕುತ್ತಿದ್ದ. ಮೊದಲನೆಯದು ಅಧ್ಯಕ್ಷರಿಗೆ. ಆಮೇಲೆ ಮೂವರಿಗೆ ಆಗಿತ್ತು. ಐದನೆಯವಳು ಮುನಿಗಂಗಮ್ಮನ ಮಗಳು. ಮಾರಕ್ಕ ಆ ಹುಡುಗಿಯ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಜಮಾನರಿಗೆ ಚುಚ್ಚಿದ್ದನ್ನು ಕುದಿಸದೆ ಚುಚ್ಚಲು ಬಿಡೆನೆಂದು ಜಗಳಕ್ಕೆ ನಿಂತಿದ್ದರು. ನಾನು ಪಿಳ್ಳಣ್ಣನನ್ನು ಗದರಿಸಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ:

"ಸ್ಪಿರಿಟ್ಟಲ್ಲಿ ಒರೆಸಿದ್ದೀನಿ ಸ್ವಾಮಿ. ನೀವೇ ಕಲಿಸಿದ್ದು."

ನನ್ನ ಸಂಶೋಧನೆಯ ಬಗ್ಗೆ ಇನ್ನು ಹೇಳುವುದೇನಿದೆ?

ಕಾಮಾಲೆ ವಾಸಿಯಾದವರ ರಕ್ತದಲ್ಲೂ ಆ ಬೇನೆ ವರ್ಷಗಟ್ಟಲೆ ಉಳಿದಿರಬಹುದು. ಆ ಮೂವರ ಕಣ್ಣು ಹಳದಿಯಾಗುವುದೇ ಎಂದು ಆರು ತಿಂಗಳು ದಿನಾ ನೋಡಬೇಕು. ರಜೆಗೆ ಬರೆದಿದ್ದೇನೆ, ಇಲ್ಲೇ ಇರುತ್ತೇನೆ. ಸಭೆ ಮುಗಿದ ಮೇಲೆ ಯಾರೂ ತೋಳು ಚಾಚಬೇಡಿ. ಗೂಡು ಬೇಯಿಸುವ ಒಲೆಯ ಮೇಲೆ ಸಿರಿಂಜು ಇಟ್ಟಿದ್ದೇವೆ, ಮಾರಕ್ಕ ಒಲೆಯ ಮುಂದೆ ಕುಳಿತಿದ್ದಾರೆ. ಅವರು ಸಾಕು ಎಂದಮೇಲೆ ಸೂಜಿ. ಮೊದಲು ನನಗೆ ಬೇಡ, ವೇದಿಕೆಯ ಮೇಲಿನ ಹಿರಿಯರಿಗೂ ಬೇಡ. ಆ ಹುಡುಗಿಗೆ, ಅದೂ ಅವಳ ಅಜ್ಜಿ ಒಪ್ಪಿದರೆ.

ಕರೆಸಿ ಆದರಿಸಿದಿರಿ, ಕುಳಿತು ಕೇಳಿದಿರಿ, ಋಣಿಯಾಗಿದ್ದೇನೆ. ಮಾರಕ್ಕ, ಬಾಗಿಲಾಚೆಗೆ ಕೇಳಿಸುತ್ತಿದ್ದರೆ, ನನ್ನದು ತಪ್ಪಾಯಿತು. ನಿಮಗೆ ನಮಸ್ಕಾರ.